ಹೊಸ ನೃತ್ಯಕ್ಕೆ ಎರಡನೇ ಪ್ರದರ್ಶನ ಕೊಡಿ: ನೃತ್ಯೋತ್ಸವಗಳ ಆಯೋಜಕರಿಗೆ ಬಹಿರಂಗ ಪತ್ರ

ಗೆ,
ರಾಜ್ಯದ ನೃತ್ಯೋತ್ಸವ ಸಮಿತಿಗಳ ಅಧ್ಯಕ್ಷರು ಮತ್ತು ಸದಸ್ಯರು,
ಸಭಾಂಗಣಗಳ ವ್ಯವಸ್ಥಾಪಕರು,
ನೃತ್ಯಕ್ಕೆ ಹಣ ನೀಡುವ ಸಂಸ್ಥೆಗಳ ಮುಖ್ಯಸ್ಥರು

ವಿಷಯ: ಹೊಸ ನೃತ್ಯಕೃತಿಗಳು ಒಂದೇ ಪ್ರದರ್ಶನಕ್ಕೆ ಮುಗಿದುಹೋಗುತ್ತಿರುವ ಬಗ್ಗೆ

ಮಾನ್ಯರೇ,

ನಾನು ನೃತ್ಯಕ್ಕೂ ನಾಟಕಕ್ಕೂ ಬೆಳಕು ಮಾಡುವವನು. ನನ್ನ ಜಾಗ ಸಭಾಂಗಣದ ಹಿಂಬದಿಯ ಪುಟ್ಟ ಕೋಣೆ, ಇಲ್ಲವೇ ರಂಗದ ಪಕ್ಕದ ಕತ್ತಲೆ. ಭಾಷಣಕ್ಕಾಗಲಿ ಹಾರಕ್ಕಾಗಲಿ ನಮ್ಮನ್ನು ಯಾರೂ ಕರೆಯುವುದಿಲ್ಲ, ಕರೆಯಬೇಕೆಂಬ ಆಸೆಯೂ ನನಗಿಲ್ಲ. ಆದರೆ ಅಲ್ಲಿ ನಿಂತವರಿಗೆ ವೇದಿಕೆಯ ಮುಂದೆ ಆಗುವುದೂ ಹಿಂದೆ ಆಗುವುದೂ ಕಾಣುತ್ತದೆ. ಕಲಾವಿದರು ಏನು ಮಾಡಲು ಹೊರಟಿದ್ದರು, ಕೊನೆಗೆ ನೀವು ಅವರಿಂದ ಏನು ಮಾಡಿಸಿದಿರಿ ಎಂಬ ಎರಡೂ ಲೆಕ್ಕ ನಮ್ಮ ಬಳಿ ಇರುತ್ತದೆ. ಅದನ್ನು ನಿಮ್ಮ ಮುಂದಿಡುವುದಕ್ಕಾಗಿ ಈ ಪತ್ರ.

ಸಮಕಾಲೀನ ನೃತ್ಯಕ್ಕೆ ಅರ್ಜಿ ಕರೆಯುವ ಪ್ರಕಟಣೆಗಳಲ್ಲಿ, ಉತ್ಸವಗಳ ಉದ್ಘಾಟನಾ ಮಾತುಗಳಲ್ಲಿ ಈಚೆಗೆ ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಷ್ ಅವರ ಹೆಸರು ಮೇಲಿಂದ ಮೇಲೆ ಕೇಳಿಬರುತ್ತಿದೆ. ‘ಅವರಂತೆ ದಿಟ್ಟವಾಗಿ ಯೋಚಿಸುವ ಯುವ ಸಂಯೋಜಕರು ನಮಗೆ ಬೇಕು’ ಎಂಬ ಧಾಟಿಯ ಮಾತುಗಳನ್ನು ನಾನು ಬೆಳಕಿನ ಕೋಣೆಯಲ್ಲಿ ಕುಳಿತು ಹಲವು ಸಲ ಕೇಳಿದ್ದೇನೆ. ಬೇಕಾದವರು ಬರಲಿ, ಒಳ್ಳೆಯದೇ. ಆದರೆ ಆ ಹೆಸರನ್ನು ಹೇಳುವವರು ಆಕೆಯ ತಂಡದ ಮೊದಲ ಆರು ವರ್ಷಗಳ ಕಥೆಯನ್ನು ಹೇಳುವುದಿಲ್ಲ. ಆ ಕಥೆಯಲ್ಲಿ ಆಕೆಯ ಪಾತ್ರ ಎಷ್ಟು ದೊಡ್ಡದೋ ನಿಮ್ಮ ಸ್ಥಾನದಲ್ಲಿದ್ದವರ ಪಾತ್ರವೂ ಅಷ್ಟೇ ದೊಡ್ಡದು. ಹಾಗಾಗಿ ಅದನ್ನು ಕೊಂಚ ವಿವರವಾಗಿಯೇ ಹೇಳಬೇಕಾಗಿದೆ. ದಯವಿಟ್ಟು ಸಹಿಸಿಕೊಳ್ಳಿ.

ಆ ಕಥೆ ನಡೆದ ವುಪ್ಪರ್ಟಾಲ್ ಬರ್ಲಿನ್‌ನಂಥ, ಪ್ಯಾರಿಸ್‌ನಂಥ ಊರಲ್ಲ. ಪಶ್ಚಿಮ ಜರ್ಮನಿಯ ಕಣಿವೆಯೊಂದರಲ್ಲಿ ಬಟ್ಟೆ ಗಿರಣಿಗಳಿಂದ ಬೆಳೆದ ಕೈಗಾರಿಕಾ ಪಟ್ಟಣ. ನದಿಯ ಮೇಲೆ ಹಳಿಯಿಂದ ಕೆಳಕ್ಕೆ ತೂಗುತ್ತಾ ಓಡುವ ರೈಲಿಗೆ ಹೆಸರಾದದ್ದು. ಅಲ್ಲಿನ ನಗರಸಭೆಯ ಹಣದಿಂದ ನಡೆಯುವ ರಂಗಮಂದಿರಕ್ಕೆ ಒಂದು ಬ್ಯಾಲೆ ತಂಡವಿತ್ತು. ವರ್ಷದ ಚಂದಾ ಕಟ್ಟಿದ ಪ್ರೇಕ್ಷಕರು ಬಂದು, ತಮಗೆ ಗೊತ್ತಿದ್ದ ಚೆಂದದ ಬ್ಯಾಲೆಗಳನ್ನು ನೋಡಿ, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು. ಆ ರಂಗಮಂದಿರದ ಆಡಳಿತ ನೋಡಿಕೊಳ್ಳುತ್ತಿದ್ದ ಆರ್ನೋ ವ್ಯೂಸ್ಟನ್‌ಹೋಫರ್ ಎಂಬವರು 1973ರಲ್ಲಿ ಆ ತಂಡವನ್ನು ಪೀನಾ ಬೌಷ್ ಅವರಿಗೆ ಒಪ್ಪಿಸಿದರು. ಆಗ ಅವರಿಗೆ 33 ವರ್ಷ. ಪಕ್ಕದ ಸೋಲಿಂಗನ್ ಪಟ್ಟಣದಲ್ಲಿ ಹೋಟೆಲು ನಡೆಸುತ್ತಿದ್ದವರ ಮಗಳು. ಹದಿನಾಲ್ಕರ ಹರೆಯದಲ್ಲಿ ಎಸ್ಸೆನ್ ನಗರದ ಫೋಕ್‌ವಾಂಗ್ ಶಾಲೆ ಸೇರಿ ನೃತ್ಯ ಸಂಯೋಜಕ ಕುರ್ಟ್ ಯೋಸ್ ಅವರ ಬಳಿ ಕಲಿತವರು, ಆಮೇಲೆ ನ್ಯೂಯಾರ್ಕ್‌ನ ಜೂಲಿಯಾರ್ಡ್ ಕಲಾಶಾಲೆಯಲ್ಲಿ ಕಲಿತವರು. ನಗರಸಭೆಯ ರಂಗಮಂದಿರದ ದಿನಚರಿಯಲ್ಲಿ ತನ್ನಂಥವಳಿಗೆ ಏನು ಮಾಡಲು ಸಾಧ್ಯ ಎಂದು ಮೊದಲು ಹಿಂಜರಿದವರು ಆಕೆಯೇ. ಪಟ್ಟು ಹಿಡಿದು ಕರೆತಂದವರು ಆಡಳಿತಗಾರರು. ಇದು ನೀವು ಗಮನಿಸಬೇಕಾದ ಮೊದಲ ಸಂಗತಿ.

1974ರ ಜನವರಿಯಲ್ಲಿ ‘ಫ್ರಿಟ್ಸ್’ ಎಂಬ ಮೊದಲ ಕೃತಿ ಬಂತು. ಸಣ್ಣ ಹುಡುಗನೊಬ್ಬನ ಕಣ್ಣಿಗೆ ದೊಡ್ಡವರ ಲೋಕ ಕಾಣುವ ಬಗೆ ಅದರ ವಸ್ತು. ಅದೇ ಸಂಜೆ ಯೋಸ್ ಅವರ ಹೆಸರಾಂತ ‘ಹಸಿರು ಮೇಜು’ ಕೂಡ ಇತ್ತು. ಹೊಸಬಳ ಕೆಲಸವನ್ನು ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಮೊದಲ ಕೃತಿಯೇ ಬಿದ್ದುಹೋಯಿತು. ನಮ್ಮಲ್ಲಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿ ಮೂರೇ ತಿಂಗಳ ಮೇಲೆ, ಏಪ್ರಿಲ್‌ನಲ್ಲಿ, ಗ್ಲುಕ್‌ನ ಒಪೆರಾ ಆಧರಿಸಿದ ‘ಇಫಿಗೇನಿಯಾ’ ಬಂತು, ಗೆದ್ದಿತು. ಅದೇ ವರ್ಷದ ಕೊನೆಗೆ ಜನಪ್ರಿಯ ಹಾಡುಗಳ ಮೇಲೆ ಕಟ್ಟಿದ ಇನ್ನೊಂದು ಕೃತಿ. 1975ರ ಮೇ ತಿಂಗಳಲ್ಲಿ ‘ಓರ್ಫಿಯಸ್ ಮತ್ತು ಯುರಿಡಿಸೆ’. ಸೋಲು, ಗೆಲುವು, ಮತ್ತೆ ಪ್ರಯೋಗ ಎಲ್ಲವೂ ಒಂದರ ಹಿಂದೊಂದು, ಒಂದೇ ಸೂರಿನಡಿ, ಅದೇ ನರ್ತಕರೊಂದಿಗೆ, ತಿಂಗಳ ಸಂಬಳ ನಿಲ್ಲದೆ.

1975ರ ಡಿಸೆಂಬರ್ 3ರಂದು ಸ್ಟ್ರಾವಿನ್ಸ್ಕಿಯ ಸಂಗೀತಕ್ಕೆ ಮಾಡಿದ ‘ವಸಂತದ ಬಲಿ’ ಮೊದಲ ಬಾರಿ ರಂಗಕ್ಕೆ ಬಂತು. ಇಡೀ ವೇದಿಕೆಯ ಮೇಲೆ ದಪ್ಪಗೆ ಹಾಸಿದ ಕಪ್ಪು ಜೌಗುಮಣ್ಣು; ಅದರ ಮೇಲೆ ಬರಿಗಾಲಿನ ಗಂಡಸರು, ಹೆಂಗಸರು; ಯಾರ ಕೈಗೆ ಬರುತ್ತದೋ ಅವಳೇ ಬಲಿ ಎಂಬಂತೆ ಕೈಯಿಂದ ಕೈಗೆ ಸಾಗುವ ಒಂದು ಕೆಂಪು ಉಡುಪು. ಕುಣಿಯುತ್ತಾ ಕುಣಿಯುತ್ತಾ ಬೆವರಿಗೆ ಮಣ್ಣು ಮೆತ್ತಿಕೊಂಡು ಕೊನೆಗೆ ಯಾರ ಮೈಯೂ ಬೆಳ್ಳಗೆ ಉಳಿಯುವುದಿಲ್ಲ. ನನ್ನ ವೃತ್ತಿಯವನಾಗಿ ನನಗೆ ಇಷ್ಟವಾದ ಸಂಗತಿ ಬೇರೆಯೇ ಇದೆ. ಮಧ್ಯಂತರದಲ್ಲಿ ಪರದೆ ಎಳೆಯದೆ, ಪ್ರೇಕ್ಷಕರ ಕಣ್ಣೆದುರೇ ರಂಗದ ಕೆಲಸಗಾರರು ಆ ಮಣ್ಣನ್ನು ತಂದು ಸುರಿದು, ಕುಂಟೆಯಿಂದ ಎಳೆದು ಸಮ ಮಾಡುತ್ತಾರೆ. ಕಾಫಿಗೆ ಎದ್ದುಹೋಗದೆ ಅದನ್ನೇ ನೋಡುತ್ತಾ ಕುಳಿತುಕೊಳ್ಳುವವರೂ ಇದ್ದಾರೆ. ನೆಲವನ್ನು ಸಿದ್ಧ ಮಾಡುವುದು ಅಲ್ಲಿ ಪ್ರದರ್ಶನದ ಒಂದು ಭಾಗ. ಈ ನೆಲದ ಮಾತಿಗೆ ಮತ್ತೆ ಬರುತ್ತೇನೆ.

ಜನ ಇದನ್ನೆಲ್ಲ ಕೈಮುಗಿದು ಸ್ವೀಕರಿಸಿದರು ಎಂದು ತಿಳಿಯಬೇಡಿ. ಬಾಗಿಲನ್ನು ದಢಾರೆಂದು ಬಡಿದು ಹೊರನಡೆದವರಿದ್ದರು. ಆಕೆಯ ಮೇಲೆ ಉಗುಳಿದವರು, ರಾತ್ರಿ ಹೊತ್ತು ಫೋನು ಮಾಡಿ ಕಾಡಿದವರು ಇದ್ದರು. ಚಂದಾದಾರರು ದೂರಾದರು. ತಂಡದೊಳಗೂ ನೆಮ್ಮದಿ ಇರಲಿಲ್ಲ. 1976ರಲ್ಲಿ ಬ್ರೆಕ್ಟ್ ಮತ್ತು ವೈಲ್ ಅವರ ‘ಏಳು ಮಹಾಪಾಪಗಳು’ ಕೃತಿಯನ್ನು ರಂಗಕ್ಕೆ ತಂದ ಹೊತ್ತಿನಲ್ಲಿ ನರ್ತಕರೇ ತಿರುಗಿಬಿದ್ದರು. ಇದು ನೃತ್ಯವೇ ಅಲ್ಲ, ಇಲ್ಲಿ ನಮಗೇನು ಕೆಲಸ ಎಂಬ ಪ್ರಶ್ನೆ. ಮನಸ್ಸು ಮುರಿದ ಪೀನಾ ಅವರು ರಂಗಮಂದಿರದಿಂದ ದೂರ ಸರಿದು, ಜೊತೆಗೆ ಉಳಿದ ಕೆಲವೇ ನರ್ತಕರನ್ನು ಕಟ್ಟಿಕೊಂಡು ಸಣ್ಣ ಸ್ಟುಡಿಯೋ ಒಂದರಲ್ಲಿ ಕೆಲಸ ಶುರುಮಾಡಿದರು. ಅಲ್ಲಿಂದ ಹುಟ್ಟಿದ್ದು 1977ರ ಜನವರಿಯ ‘ಬ್ಲೌಬಾರ್ಟ್’. ನೆಲದ ತುಂಬ ಒಣಗಿದ ಎಲೆಗಳು, ಒಂದು ಟೇಪ್ ರೆಕಾರ್ಡರ್. ಬಾರ್ಟೋಕ್‌ನ ಒಪೆರಾದ ಒಂದೊಂದು ತುಣುಕನ್ನು ಗಂಡಸೊಬ್ಬ ನಿಲ್ಲಿಸುತ್ತಾನೆ, ಹಿಂದಕ್ಕೆ ಓಡಿಸುತ್ತಾನೆ, ಮತ್ತೆ ಹಾಕುತ್ತಾನೆ, ಹೆಣ್ಣಿನ ಮೇಲೆ ಎರಗುತ್ತಾನೆ, ಮತ್ತೆ ಹೋಗಿ ಗುಂಡಿ ಒತ್ತುತ್ತಾನೆ. ಒಂದೇ ಕ್ರಿಯೆಯನ್ನು ಸಹನೆ ಕೆಡುವ ತನಕ ಮರುಕಳಿಸುವ ಆ ಕ್ರಮ ಮುಂದೆ ಆ ತಂಡದ ಗುರುತೇ ಆಯಿತು. ಅದನ್ನು ‘ಇಷ್ಟು ಸಲ ಬೇಡ, ಎರಡು ಸಲ ಸಾಕು’ ಎಂದು ಕತ್ತರಿಸುವ ಅಧಿಕಾರಿ ಅಲ್ಲಿ ಇರಲಿಲ್ಲ.

1978ರ ಏಪ್ರಿಲ್. ಬೋಖುಮ್ ನಗರದ ರಂಗಮಂದಿರ ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕವನ್ನು ಆಧರಿಸಿ ಏನಾದರೂ ಮಾಡಿಕೊಡಿ ಎಂದು ಪೀನಾ ಅವರನ್ನು ಕರೆದಿತ್ತು. ನರ್ತಕರ ಜೊತೆ ನಟರೂ ಇದ್ದರು. ಹೆಜ್ಜೆ ಹೇಳಿಕೊಟ್ಟರೆ ನಟರಿಗೆ ಬಾರದು. ಹಾಗಾಗಿ ಪೀನಾ ಅವರು ಎಲ್ಲರಿಗೂ ಪ್ರಶ್ನೆ ಕೇಳತೊಡಗಿದರು. ಉತ್ತರ ಮಾತಿನಲ್ಲಿರಬಹುದು, ಒಂದು ಚಲನೆಯಲ್ಲಿರಬಹುದು, ಸುಮ್ಮನಿರುವುದರಲ್ಲೂ ಇರಬಹುದು. ಬಂದ ನೂರಾರು ಉತ್ತರಗಳಲ್ಲಿ ಕೆಲವನ್ನೇ ಆರಿಸಿ ಹೆಣೆಯುವ ಈ ವಿಧಾನವನ್ನು ಇಂದು ಜಗತ್ತಿನ ಎಷ್ಟೋ ಸಂಯೋಜಕರು ಅನುಸರಿಸುತ್ತಾರೆ. ಅದರ ಮೊದಲ ಫಲವನ್ನು ಕಾಣಲು ಷೇಕ್ಸ್‌ಪಿಯರ್ ಸಂಘದ ಪಂಡಿತರು ಬಂದು ಕುಳಿತಿದ್ದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಸಭೆಯಲ್ಲಿ ಕೂಗಾಟ. ಕಡೆಗೆ ಯೋ ಆನ್ ಎಂಡಿಕಾಟ್ ಎಂಬ ನರ್ತಕಿ ರಂಗದ ಮುಂದೆ ಬಂದು, ಮುಂದುವರಿಯಲು ಬಿಡಿ ಎಂದು ಪ್ರೇಕ್ಷಕರನ್ನೇ ಕೇಳಿಕೊಳ್ಳಬೇಕಾಯಿತು. ಆಟ ಮುಂದುವರಿಯಿತು.

ಇದಾದ ಒಂದೇ ತಿಂಗಳಲ್ಲಿ, ಮೇ 20ರಂದು, ‘ಕಾಫೆ ಮ್ಯೂಲರ್’. ಇವತ್ತು ನಿಮ್ಮ ಭಾಷಣಗಳಲ್ಲಿ ಹೆಚ್ಚಾಗಿ ಬರುವ ಕೃತಿ ಅದೇ. ನಾಲ್ವರು ಸಂಯೋಜಕರು ಹಂಚಿಕೊಂಡ ಒಂದು ಸಂಜೆಯ ತುಣುಕಾಗಿ ಅದು ಹುಟ್ಟಿತ್ತು. ರಂಗದ ತುಂಬ ಖಾಲಿ ಕುರ್ಚಿಗಳು. ಹೆಂಗಸೊಬ್ಬಳು ಕಣ್ಣು ಮುಚ್ಚಿಕೊಂಡು ನಡೆದು ಬರುತ್ತಾಳೆ. ಅವಳು ಎಡವದಂತೆ ಒಬ್ಬ ಮನುಷ್ಯ ಮುಂದೆ ಮುಂದೆ ಓಡುತ್ತಾ ಕುರ್ಚಿಗಳನ್ನು ದಡಬಡ ಸರಿಸುತ್ತಾನೆ. ಮೊದಲ ಪ್ರದರ್ಶನಗಳಲ್ಲಿ ಹಾಗೆ ಕುರ್ಚಿ ಸರಿಸುತ್ತಿದ್ದವರು ರೋಲ್ಫ್ ಬೋರ್ಜಿಕ್, ತಂಡದ ರಂಗವಿನ್ಯಾಸಕ, ಪೀನಾ ಅವರ ಬಾಳಸಂಗಾತಿ. ತಾನೇ ಜೋಡಿಸಿಟ್ಟ ರಂಗಸಜ್ಜಿಕೆಯನ್ನು ತಾನೇ ದಾರಿಯಿಂದ ತೆಗೆಯುವ ವಿನ್ಯಾಸಕ! ಅದೇ ವರ್ಷ ಡಿಸೆಂಬರ್‌ನಲ್ಲಿ ‘ಕೊಂಟಾಕ್ಟ್‌ಹೋಫ್’ ಬಂತು. ಮುಂದಿನ ವರ್ಷ, ರಂಗದ ಮೇಲೆ ನೀರು ನಿಲ್ಲಿಸಿ ನೀರಾನೆಯ ಗೊಂಬೆಯೊಂದನ್ನು ಓಡಾಡಿಸಿದ ‘ಆರಿಯನ್’. ಬೋರ್ಜಿಕ್ 1980ರ ಜನವರಿಯಲ್ಲಿ ತೀರಿಕೊಂಡರು. ಪ್ಯಾರಿಸ್ ಈ ತಂಡವನ್ನು ವರ್ಷ ವರ್ಷವೂ ಕರೆಯತೊಡಗಿದ್ದು 1979ರಿಂದ. ಭಾರತಕ್ಕೆ ತಂಡ ಮೊದಲು ಬಂದದ್ದೂ ಅದೇ ವರ್ಷ. ಮತ್ತೆ 1994ರಲ್ಲಿ ಬಂದರು. ನಮ್ಮ ದೇಶದಲ್ಲಿ ತಿರುಗಾಡಿದ ಅನುಭವದಿಂದಲೇ 2007ರಲ್ಲಿ ‘ಬ್ಯಾಂಬೂ ಬ್ಲೂಸ್’ ಎಂಬ ಕೃತಿ ಕಟ್ಟಿದರು.

ಈಗ ನನ್ನ ಪ್ರಶ್ನೆ. 1974ರ ‘ಫ್ರಿಟ್ಸ್’ ನಿಮ್ಮ ಉತ್ಸವಕ್ಕೆ ಬಂದಿದ್ದರೆ ಅದರ ಸಂಯೋಜಕಿಯನ್ನು ನೀವು ಎರಡನೇ ಸಲ ಕರೆಯುತ್ತಿದ್ದಿರಾ?

ನೀವು ಕರೆಯುತ್ತಿರಲಿಲ್ಲ ಎಂದು ನಾನು ಹೇಳಬಲ್ಲೆ. ಕಾರಣ, ಈಚೆಗೆ ಕಣ್ಣಾರೆ ಕಂಡದ್ದು. ಸಂಸ್ಥೆಯ ಹೆಸರು, ಸಭಾಂಗಣದ ಹೆಸರು ಇಲ್ಲಿ ಬೇಡ. ಹೇಳಿದರೆ ಉಳಿದವರೆಲ್ಲ ‘ಸದ್ಯ, ನಾವಲ್ಲ’ ಎಂದು ನಿರಾಳರಾಗುತ್ತೀರಿ. ನಾನು ಬೆಳಕು ಮಾಡಿದ ತಂಡ ಚಿಕ್ಕದು, ಬೆಂಗಳೂರಿನದು. ಕೃತಿ ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳ ಬಗ್ಗೆ. ಸಂಯೋಜಕಿ ತಿಂಗಳುಗಟ್ಟಲೆ ಆ ಹೆಣ್ಣುಮಕ್ಕಳ ಜೊತೆ ಕುಳಿತು, ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುವ ಬೆರಳು, ಪೆಡಲಿನ ಮೇಲಿನ ಪಾದ, ಗಂಟೆಗೆ ಇಷ್ಟು ಪೀಸು ಎಂಬ ಗುರಿ ತಪ್ಪಿದಾಗ ಕುತ್ತಿಗೆ ಒಳಗೆಳೆದುಕೊಳ್ಳುವ ರೀತಿ, ಇವನ್ನೆಲ್ಲ ನೋಡಿ ಕಲಿತಿದ್ದರು. ಐವತ್ತು ನಿಮಿಷದ ಕೃತಿ. ಕೊನೆಯ ಹತ್ತು ನಿಮಿಷ ಸಂಗೀತವಿಲ್ಲ. ಆರು ಜನ ಕಬ್ಬಿಣದ ಸ್ಟೂಲುಗಳ ಮೇಲೆ ಕುಳಿತು ಒಂದೇ ಕೆಲಸವನ್ನು ಮಾಡುತ್ತಲೇ ಇರುತ್ತಾರೆ. ನನ್ನ ಕೆಲಸ, ಟ್ಯೂಬ್‌ಲೈಟಿನ ಆ ಬಿಳಿ ಬೆಳಕನ್ನು ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ ಇಳಿಸುವುದು. ತಾಲೀಮಿನಲ್ಲಿ ಅದನ್ನು ನೋಡಿದ ದಿನ ಡಿಮ್ಮರ್ ಮೇಲೆ ಇಟ್ಟ ನನ್ನ ಕೈಯೂ ಅದೇ ಲಯಕ್ಕೆ ಬಿದ್ದಿತ್ತು.

ಪ್ರದರ್ಶನಕ್ಕೆ ಹದಿನೈದು ದಿನ ಇರುವಾಗ, ಸಮಯ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು ಎಂದು ಸಮಿತಿಯಿಂದ ಕರೆ ಬಂತು. ಕಾರಣ, ಆ ಸಂಜೆ ಸನ್ಮಾನವೂ ಇದೆ. ‘ಕೊನೆಯದು ತುಂಬ ಸಪ್ಪೆ ಆಯಿತು, ಉಲ್ಲಾಸವಾಗಿ ಮುಗಿಸಿ’ ಎಂಬ ಸಲಹೆಯೂ ಜೊತೆಗೆ ಬಂತು. ತಂಡ ಒಪ್ಪಿತು. ಒಪ್ಪದಿದ್ದರೆ ಉಡುಪಿಗೂ ಸ್ಟೂಲಿಗೂ ಮಾಡಿದ ಸಾಲ ತೀರುವುದು ಹೇಗೆ? ಹತ್ತು ನಿಮಿಷದ ಮೌನ ಹೋಯಿತು. ಸಭಾಂಗಣ ನಮ್ಮ ಕೈಗೆ ಬಂದದ್ದು ಅದೇ ದಿನ ಮಧ್ಯಾಹ್ನ ಮೂರಕ್ಕೆ, ಕಾರ್ಯಕ್ರಮ ಆರೂವರೆಗೆ. ದೀಪ ತೂಗಿ, ಫೋಕಸ್ ಮಾಡಿ, ಗ್ರಾನೈಟ್ ನೆಲದ ಮೇಲೆ ರಬ್ಬರ್ ಹಾಸು ಬಿಡಿಸಿ ಟೇಪು ಅಂಟಿಸುವಷ್ಟರಲ್ಲಿ ನಿರೂಪಕರು ಬಂದು ನಿಂತರು. ತಾಲೀಮಿಗೆ ಸಮಯ ಸಿಗಲಿಲ್ಲ. ಆಮೇಲೆ ದೀಪ ಬೆಳಗಿಸಿದರು, ಆ ಹಾಸಿನ ಮೇಲೆಯೇ. ಶಾಲು, ಪೇಟ, ಹಣ್ಣಿನ ಬುಟ್ಟಿ, ಒಬ್ಬರಾದ ಮೇಲೆ ಒಬ್ಬರಂತೆ ಗಣ್ಯರ ಮಾತು. ಎಲ್ಲ ಮುಗಿದು ಪೋಡಿಯಂ ಎತ್ತಿದಾಗ ಹಾಸಿನ ಮೇಲೆ ಎಣ್ಣೆಯ ಕಲೆ, ಜಜ್ಜಿಹೋದ ಸೇವಂತಿಗೆ ಎಸಳು. ಬರಿಗಾಲಿನಲ್ಲಿ ಕುಣಿಯಬೇಕಾದ ಹುಡುಗಿಯರು ಮೇಕಪ್ ಮಾಡಿಕೊಂಡ ಮುಖದಲ್ಲೇ ಬಗ್ಗಿ, ತಮ್ಮ ಟವೆಲುಗಳಿಂದ ಎಣ್ಣೆ ಒರೆಸಿದರು. ಆದರೂ ಒಬ್ಬಾಕೆ ಜಾರಿದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಸಭೆಯಲ್ಲಿದ್ದವರು ಅದನ್ನೂ ನೃತ್ಯದ ಭಾಗವೆಂದೇ ತಿಳಿದರು.

ಮುಗಿದ ಮೇಲೆ ಸಂಯೋಜಕಿ ಸಮಿತಿಯ ಹಿರಿಯರೊಬ್ಬರ ಬಳಿ ಹೋಗಿ, ಪೂರ್ತಿ ಕೃತಿಯನ್ನು ಇನ್ನೊಮ್ಮೆ, ಚಿಕ್ಕ ಜಾಗದಲ್ಲಾದರೂ ಸರಿ, ಆಡಲು ಅವಕಾಶ ಸಿಗಬಹುದೇ ಎಂದು ಕೇಳಿದರು. ಬಂದ ಉತ್ತರ: ‘ಇದು ಆಯಿತಲ್ಲಮ್ಮಾ. ಮುಂದಿನ ವರ್ಷ ಹೊಸದೇನಾದರೂ ಮಾಡಿಕೊಂಡು ಬನ್ನಿ, ನೋಡೋಣ.’

ಆ ಹಿರಿಯರು ಕೆಟ್ಟವರಲ್ಲ. ಮಾತಿನಲ್ಲಿ ಅಕ್ಕರೆಯೂ ಇತ್ತು. ಅವರು ತಮಗೆ ರೂಢಿಯಾದುದನ್ನು ಹೇಳಿದರು, ಅಷ್ಟೇ. ನನ್ನ ದೂರು ಇರುವುದು ಆ ರೂಢಿಯ ಮೇಲೆ. ಒಂದು ನೃತ್ಯಕೃತಿ ಮೊದಲ ಪ್ರದರ್ಶನದಲ್ಲಿ ಪೂರ್ತಿಯಾಗುವುದಿಲ್ಲ ಎಂಬುದು ರಂಗದ ಪಕ್ಕದಲ್ಲಿ ನಿಲ್ಲುವ ಎಲ್ಲರಿಗೂ ಗೊತ್ತು. ಎಲ್ಲಿ ಉಸಿರು ಸಾಲುವುದಿಲ್ಲ, ಯಾವ ದೃಶ್ಯ ಉದ್ದವಾಯಿತು, ಎಲ್ಲಿ ಬೆಳಕು ಅರೆಕ್ಷಣ ಬೇಗ ಬಿತ್ತು ಎಂಬುದು ತಿಳಿಯುವುದೇ ಪ್ರೇಕ್ಷಕರ ಮುಂದೆ ನಿಂತಾಗ. ತಿದ್ದಿಕೊಳ್ಳುವುದು ಎರಡನೆಯದರಲ್ಲಿ. ಮೈಗೂಡುವುದು ಐದನೆಯದರಲ್ಲೋ ಆರನೆಯದರಲ್ಲೋ. ನೀವು ಮೊದಲನೆಯದಕ್ಕೆ ಹಣ ಕೊಟ್ಟು, ಎರಡನೆಯದನ್ನು ಬೇಡವೆಂದು, ಆಮೇಲೆ ನಮ್ಮಲ್ಲಿ ಗಟ್ಟಿ ಕೆಲಸ ಬರುತ್ತಿಲ್ಲ ಎಂದು ಭಾಷಣ ಮಾಡುತ್ತೀರಿ.

ಗಟ್ಟಿ ಕೆಲಸ ಮಾಡುವವರಿಗೆ ಇಲ್ಲಿ ಬರವಿಲ್ಲ. ಮಾಯಾ ರಾವ್ ಅವರು ಮಾಸ್ಕೋದಲ್ಲಿ ನೃತ್ಯ ಸಂಯೋಜನೆಯನ್ನು ಶಾಸ್ತ್ರವಾಗಿ ಓದಿ ಬಂದು, ದೆಹಲಿಯಲ್ಲಿ ಶಾಲೆ ಕಟ್ಟಿ, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಹೆಜ್ಜೆ ಕಲಿಸುವುದು ಬೇರೆ, ಕೃತಿ ಕಟ್ಟುವುದನ್ನು ಕಲಿಸುವುದು ಬೇರೆ ಎಂದು ಈ ಊರಿಗೆ ತೋರಿಸಿಕೊಟ್ಟು ಎಷ್ಟೋ ವರ್ಷಗಳಾದವು. ಕಟ್ಟಿದ್ದನ್ನು ಉಳಿಸಿಕೊಳ್ಳುವ ಏರ್ಪಾಡನ್ನು ಮಾತ್ರ ನಾವು ಮಾಡಲಿಲ್ಲ.

ಇಲ್ಲಿ ನೀವು ಹೇಳುವುದು ಏನೆಂದು ನನಗೆ ಗೊತ್ತು. ಜರ್ಮನಿಯಲ್ಲಿ ನಗರಸಭೆ ಸಂಬಳ ಕೊಡುತ್ತದೆ, ನಮ್ಮಲ್ಲಿ ಪ್ರಾಯೋಜಕರ ಕೈಕಾಲು ಹಿಡಿಯಬೇಕು. ಎರಡನೇ ಸಲ ಅದೇ ಕೃತಿಗೆ ಜನ ಬರುವುದಿಲ್ಲ. ಮೊದಲನೆಯದು ನಿಜ, ವಾದಿಸುವುದಿಲ್ಲ. ವುಪ್ಪರ್ಟಾಲ್ ಸ್ವರ್ಗವೂ ಅಲ್ಲ. ಆ ತಂಡ ವರ್ಷಗಟ್ಟಲೆ ಆಡಿದ ಒಂದು ರಂಗಮಂದಿರವನ್ನು ಅದೇ ಊರಿನವರು ಹಣವಿಲ್ಲವೆಂದು 2013ರಲ್ಲಿ ಮುಚ್ಚಿದರು. ಆದರೆ ಎರಡನೇ ಮಾತಿಗೆ ಉತ್ತರ ಹುಡುಕಲು ಜರ್ಮನಿಗೆ ಹೋಗಬೇಕಾಗಿಲ್ಲ. ಕರಾವಳಿಯ ಯಕ್ಷಗಾನ ಮೇಳಗಳು ಅದೇ ಪ್ರಸಂಗವನ್ನು ಹೊತ್ತು ಊರೂರು ತಿರುಗಿ, ಮಳೆಗಾಲಕ್ಕೆ ಮುನ್ನ ತಿರುಗಾಟ ಮುಗಿಸುವ ದಿನವಾದ ಪತ್ತನಾಜೆಯ ತನಕ ಆಡುತ್ತವೆ. ‘ಇದು ಹೋದ ವಾರ ಪಕ್ಕದ ಊರಿನಲ್ಲಿ ಆಯಿತು’ ಎಂದು ಯಾರೂ ಆಟ ನಿಲ್ಲಿಸಿದ್ದಿಲ್ಲ. ಹೋದ ವಾರ ನೋಡಿದವರೇ, ಈ ಸಲ ಭಾಗವತರು ಹೇಗೆ ಹಾಡುತ್ತಾರೆ ನೋಡೋಣ ಎಂದು ಮತ್ತೆ ಬರುತ್ತಾರೆ. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಶುರುಮಾಡಿತು. ಅದೇ ನಾಟಕಗಳು, ಅದೇ ನಟರು, ನಾಡಿನುದ್ದಗಲದ ಊರುಗಳು. ಮೈಸೂರಿನ ರಂಗಾಯಣ 1989ರಿಂದ ರೆಪರ್ಟರಿಯಾಗಿ, ಅಂದರೆ ಕಟ್ಟಿದ ನಾಟಕಗಳನ್ನು ಮತ್ತೆ ಮತ್ತೆ ಆಡುವ ಕಾಯಂ ತಂಡವಾಗಿ, ನಡೆದು ಬಂದಿದೆ. ನಾಟಕಕ್ಕೂ ಆಟಕ್ಕೂ ಸಲ್ಲುವ ನ್ಯಾಯ ನೃತ್ಯಕ್ಕೆ ಏಕೆ ಸಲ್ಲಬಾರದು?

ಲೆಕ್ಕದ ದೃಷ್ಟಿಯಿಂದಲೂ ನಿಮ್ಮ ರೂಢಿ ದುಬಾರಿ. ಹೊಸ ಕೃತಿಯ ಖರ್ಚಿನ ಬಹುಪಾಲು ಹೋಗುವುದು ತಾಲೀಮಿನ ಜಾಗದ ಬಾಡಿಗೆಗೆ, ಸಂಗೀತಕ್ಕೆ, ಉಡುಪಿಗೆ, ಸಜ್ಜಿಕೆಗೆ. ಎರಡನೇ ಪ್ರದರ್ಶನಕ್ಕೆ ಇವೆಲ್ಲ ಆಗಲೇ ಸಿದ್ಧವಿರುತ್ತವೆ. ಸಂಭಾವನೆ, ಸಾಗಣೆ, ಸಭಾಂಗಣ, ಇಷ್ಟೇ ಖರ್ಚು. ಪ್ರತಿವರ್ಷ ಹೊಸದಕ್ಕೆ ಹಣ ಸುರಿದು, ಅದನ್ನು ಒಂದೇ ಸಂಜೆ ಬಳಸಿ ಬಿಸಾಡುವ ವ್ಯವಹಾರವನ್ನು ನಿಮ್ಮಲ್ಲಿನ ಯಾವ ಉದ್ಯಮಿಯೂ ತನ್ನ ಸ್ವಂತ ವ್ಯಾಪಾರದಲ್ಲಿ ಮಾಡುವುದಿಲ್ಲ.

ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಅದೇ ತಂಡದ ಉದಾಹರಣೆ ಕೊಡುತ್ತೇನೆ. 1978ರ ‘ಕೊಂಟಾಕ್ಟ್‌ಹೋಫ್’ ಕೃತಿಯನ್ನು 2000ದಲ್ಲಿ ವುಪ್ಪರ್ಟಾಲಿನ 65 ದಾಟಿದ ಸಾಮಾನ್ಯ ನಾಗರಿಕರು ಆಡಿದರು. ನೃತ್ಯ ಕಲಿತವರಲ್ಲ, ಕೆಲಸದಿಂದ ನಿವೃತ್ತರಾದ ಊರಿನ ಜನ. 2008ರಲ್ಲಿ ಅದನ್ನೇ ಶಾಲಾ ವಯಸ್ಸಿನ ಹುಡುಗ ಹುಡುಗಿಯರು ಆಡಿದರು. ಒಂದು ಕಾಲಕ್ಕೆ ಬಾಗಿಲು ಬಡಿದು ಹೋದ ಊರು, ಮುಂದೆ ತಾನೇ ರಂಗಕ್ಕೆ ಬಂದು ನಿಂತಿತು. ಪೀನಾ ಅವರು 2009ರ ಜೂನ್‌ನಲ್ಲಿ ತೀರಿಕೊಂಡರು. ಆದರೆ 2020ರಲ್ಲಿ ಸೆನೆಗಲ್ ದೇಶದ ‘ಎಕೋಲ್ ದೆ ಸಾಬ್ಲ್’ ಎಂಬ ನೃತ್ಯಶಾಲೆಯಲ್ಲಿ ಆಫ್ರಿಕಾದ ಹಲವು ದೇಶಗಳ ನರ್ತಕರು ‘ವಸಂತದ ಬಲಿ’ಯನ್ನು ಕಲಿತರು. ಕೋವಿಡ್ ಬಂದು ಪ್ರದರ್ಶನ ನಿಂತಾಗ ಸಮುದ್ರ ತೀರದ ಮರಳಿನ ಮೇಲೆ ಕುಣಿದು ಚಿತ್ರೀಕರಿಸಿದರು. ಇದು ಸಾಧ್ಯವಾದದ್ದು ಆ ಕೃತಿಯನ್ನು ದಶಕಗಳ ಕಾಲ ಆಡುತ್ತಲೇ ಬಂದಿದ್ದ ಕಾರಣಕ್ಕೆ. ಹಳೆಯ ನರ್ತಕರ ಮೈಯಲ್ಲಿ ಅದು ಇತ್ತು. ದೃಶ್ಯಮುದ್ರಣಗಳು, ಟಿಪ್ಪಣಿಗಳು ಜೋಪಾನವಾಗಿದ್ದವು.

ನಮ್ಮ ಗಾರ್ಮೆಂಟ್ಸ್ ಕೃತಿಯ ದೃಶ್ಯಮುದ್ರಣವೂ ಒಂದಿದೆ. ಸಮಿತಿ ಗೊತ್ತುಮಾಡಿದ ಮದುವೆ ವಿಡಿಯೋದವರು ತೆಗೆದದ್ದು. ಸನ್ಮಾನ ಪೂರ್ತಿ ಬಂದಿದೆ. ನೃತ್ಯದಲ್ಲಿ ಮುಖಗಳು ಮಾತ್ರ ದೊಡ್ಡದಾಗಿ ಕಾಣುತ್ತವೆ, ಪೆಡಲಿನ ಮೇಲಿನ ಪಾದ ಒಂದು ಸಲವೂ ಚೌಕಟ್ಟಿನೊಳಗೆ ಬರುವುದಿಲ್ಲ. ಮೂಲ ಪ್ರತಿಯನ್ನು ತಂಡಕ್ಕೆ ಕೊಡಲೂ ಇಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಹೊಸ ಕೃತಿಗೆ ಹಣ ಮಂಜೂರು ಮಾಡುವಾಗ ಕನಿಷ್ಠ ಮೂರು ಪ್ರದರ್ಶನಗಳ ದಿನಾಂಕವನ್ನು ಅದೇ ಪತ್ರದಲ್ಲಿ ನಮೂದಿಸಿ. ಮೂರರಲ್ಲಿ ಒಂದಾದರೂ ಬೆಂಗಳೂರಿನ ಹೊರಗಿರಲಿ. ನೀವೊಬ್ಬರೇ ಮೂರನ್ನೂ ನಡೆಸಬೇಕೆಂದು ನಾನು ಹೇಳುತ್ತಿಲ್ಲ. ಧಾರವಾಡದ ಸಮಿತಿ, ಮಂಗಳೂರಿನ ಸಮಿತಿ, ಕಲಬುರಗಿಯ ಸಮಿತಿ ಪರಸ್ಪರ ಮಾತಾಡಿಕೊಂಡು ಒಂದೇ ಕೃತಿಯನ್ನು ಹಂಚಿಕೊಳ್ಳಬಹುದು. ಸದ್ಯಕ್ಕೆ ನೀವು ಒಬ್ಬರು ಮಾಡಿಸಿದ್ದನ್ನು ಇನ್ನೊಬ್ಬರು ಮುಟ್ಟದಿರುವುದನ್ನೇ ಪ್ರತಿಷ್ಠೆ ಎಂದುಕೊಂಡಿದ್ದೀರಿ. ಅರ್ಜಿ ನಮೂನೆಯಲ್ಲಿ ‘ಈ ಹಿಂದೆ ಪ್ರದರ್ಶಿತವಾಗಿರಬಾರದು’ ಎಂಬ ಷರತ್ತು ಇದ್ದರೆ ಅದನ್ನು ತೆಗೆದುಹಾಕಿ. ಅದರ ಬದಲು, ಹಳೆಯ ಕೃತಿಯನ್ನು ತಿದ್ದಿ ಮತ್ತೆ ಆಡುವವರಿಗೆ ಸಣ್ಣದೊಂದು ಪಾಲು ಮೀಸಲಿಡಿ.

ಕೃತಿಯನ್ನು ಆರಿಸುವ ಹಕ್ಕು ನಿಮ್ಮದು, ಆರಿಸದಿರುವ ಹಕ್ಕೂ ನಿಮ್ಮದೇ. ಆರಿಸಿದ ಮೇಲೆ ಅದರ ಅವಧಿಯನ್ನೂ ಮುಕ್ತಾಯವನ್ನೂ ಬದಲಿಸುವ ಹಕ್ಕು ನಿಮಗಿಲ್ಲ ಎಂದು ಒಪ್ಪಂದದಲ್ಲಿ ಬರೆದುಕೊಡಿ. ಸನ್ಮಾನ ಬೇಡ ಎಂದು ಹೇಳುವಷ್ಟು ನಾನು ಮುಗ್ಧನಲ್ಲ. ಅದನ್ನು ಪರದೆಯ ಮುಂದಿನ ಜಾಗದಲ್ಲಿ ಮಾಡಿ, ಅಥವಾ ನೃತ್ಯ ಮುಗಿದ ಮೇಲೆ ಮಾಡಿ. ಹಾಸಿದ ನೆಲದ ಮೇಲೆ ಚಪ್ಪಲಿ, ಎಣ್ಣೆ, ಹೂವು ಬರಬಾರದು. ಸಭಾಂಗಣದ ವ್ಯವಸ್ಥಾಪಕರೇ, ಹಿಂದಿನ ದಿನದ ಸಂಜೆಯನ್ನು ತಂಡಕ್ಕೆ ಅರ್ಧ ಬಾಡಿಗೆಗಾದರೂ ಬಿಟ್ಟುಕೊಡಿ. ಖಾಲಿ ಬಿದ್ದಿರುವ ದಿನಗಳಲ್ಲಿ ಕೊಟ್ಟರೆ ನಿಮಗೂ ನಷ್ಟವಿಲ್ಲ. ಮತ್ತೆ, ಕಲ್ಲಿನ ನೆಲದ ಮೇಲೆ ವರ್ಷಗಟ್ಟಲೆ ಜಿಗಿದು ಮೂವತ್ತಕ್ಕೇ ಮೊಣಕಾಲು ಹಿಡಿದುಕೊಂಡ ನರ್ತಕರನ್ನು ನಾನು ಬಲ್ಲೆ. ಮುಂದಿನ ಸಲ ಸಭಾಂಗಣದ ದುರಸ್ತಿಗೆ ಹಣ ಬಂದಾಗ ಮುಂಭಾಗದ ಗಾಜಿನ ಅಲಂಕಾರಕ್ಕಿಂತ ಮೊದಲು ವೇದಿಕೆಗೆ ಮರದ ಪುಟಿಯುವ ನೆಲ ಹಾಕಿಸಿ. ಹಣ ಕೊಡುವ ಸಂಸ್ಥೆಯವರು ಇಡೀ ವೇದಿಕೆ ಕಾಣುವಂತೆ, ಒಂದೇ ಕಡೆ ನಿಲ್ಲಿಸಿದ ಕ್ಯಾಮೆರಾದಲ್ಲಿ ಚಿತ್ರೀಕರಣ ಮಾಡಿಸಿ. ಒಂದು ಪ್ರತಿ ನಿಮ್ಮಲ್ಲಿರಲಿ, ಮೂಲ ತಂಡದ ಕೈಯಲ್ಲಿರಲಿ.

ಇವುಗಳಲ್ಲಿ ಯಾವುದಕ್ಕೂ ಜರ್ಮನಿಯ ನಗರಸಭೆಯಷ್ಟು ಹಣ ಬೇಕಾಗಿಲ್ಲ. ಎಲ್ಲವನ್ನೂ ಈ ವರ್ಷವೇ ಮಾಡಲಾಗದಿದ್ದರೆ ಮೊದಲನೆಯದನ್ನಾದರೂ ಮಾಡಿ.

ಗಾರ್ಮೆಂಟ್ಸ್ ಕೃತಿಯ ಆರು ನರ್ತಕಿಯರಲ್ಲಿ ಇಬ್ಬರು ಈಗ ಮದುವೆಗಳ ಸಂಗೀತ್ ಕಾರ್ಯಕ್ರಮಗಳಿಗೆ ಕುಣಿತ ಕಲಿಸುತ್ತಿದ್ದಾರೆ, ಒಬ್ಬರು ಊರಿಗೆ ಮರಳಿದ್ದಾರೆ. ಉಳಿದವರು, ಸಂಯೋಜಕಿ ಮತ್ತು ನಾನು ಬೆಂಗಳೂರಿನಲ್ಲೇ ಇದ್ದೇವೆ. ಸ್ಟೂಲುಗಳು ಒಬ್ಬರ ಮನೆಯ ತಾರಸಿಯಲ್ಲಿವೆ, ಸ್ವಲ್ಪ ತುಕ್ಕು ಹಿಡಿದಿವೆ, ಬಣ್ಣ ಬಳಿದರೆ ಸಾಕು. ನಿಮ್ಮಲ್ಲಿ ಯಾರಾದರೂ ಐವತ್ತು ನಿಮಿಷವನ್ನು, ಕೊನೆಯ ಹತ್ತು ನಿಮಿಷದ ಮೌನವೂ ಸೇರಿ, ಕತ್ತರಿಸದೆ ಆಡಲು ಒಂದು ದಿನಾಂಕ ಕೊಟ್ಟರೆ, ತಿಂಗಳ ತಾಲೀಮಿನಲ್ಲಿ ಅದನ್ನು ಮತ್ತೆ ಎಬ್ಬಿಸಬಹುದು ಎಂದು ಸಂಯೋಜಕಿ ಹೇಳಿದ್ದಾರೆ. ಆ ಪ್ರದರ್ಶನಕ್ಕೆ ನನ್ನ ಸಂಭಾವನೆ ಬೇಡ, ದೀಪಗಳ ಬಾಡಿಗೆಯನ್ನಷ್ಟೇ ಕೊಡಿ. ನಿಮ್ಮ ಮುಂದಿನ ಉತ್ಸವದ ಪಟ್ಟಿ ಅಂತಿಮವಾಗುವ ಮೊದಲು ಉತ್ತರ ಬರುತ್ತದೆಂದು ನಿರೀಕ್ಷಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ನೃತ್ಯಕ್ಕೆ ಬೆಳಕು ಮಾಡುವವನೊಬ್ಬ
ಬೆಂಗಳೂರು